ವಿವಾಹದಿಂದ ಬರುವ ನೆಲೆಯ ಹಕ್ಕು: ಬಳ್ಳಾರಿಯ ಪಶ್ಚಿಮ ತಾಲ್ಲೂಕುಗಳಿಂದ ಒಂದು ಚಾರಿತ್ರಿಕ ಪರಿಶೀಲನೆ

೧

ಒಂದು ನಾಡಿನವರು ಮತ್ತೊಂದು ನಾಡಿನವರನ್ನು ವಿವಾಹವಾದಾಗ, ಹೊರಗಿನಿಂದ ಬಂದ ಪತಿಗೆ ಅಥವಾ ಪತ್ನಿಗೆ ಅಲ್ಲಿ ವಾಸಮಾಡುವ ಹಕ್ಕೂ ದುಡಿದು ಜೀವಿಸುವ ಹಕ್ಕೂ ಯಾವ ಆಧಾರದಿಂದ ಬರುತ್ತವೆ? ಆ ಹಕ್ಕು ಬಂದವರ ಸ್ವಂತ ಹಕ್ಕೇ, ಅಥವಾ ಮದುವೆಯಾದವರ ಮೂಲಕ ಬಂದ ಎರವಲು ಹಕ್ಕೇ? ಮದುವೆ ಮುರಿದರೆ, ಅಥವಾ ಮರಣದಿಂದ ಕೊನೆಗೊಂಡರೆ, ಆ ಹಕ್ಕಿನ ಗತಿಯೇನು? ಇಂದು ಯೂರೋಪಿನ ಒಕ್ಕೂಟದ ನ್ಯಾಯಾಲಯಗಳಲ್ಲಿ ಈ ಪ್ರಶ್ನೆಗಳು ಮತ್ತೆ ಮತ್ತೆ ಚರ್ಚೆಗೆ ಬರುತ್ತಿವೆ. ಒಕ್ಕೂಟದ ಪೌರರನ್ನು ವರಿಸಿದ ಹೊರನಾಡಿನವರ ವಾಸ ಮತ್ತು ಉದ್ಯೋಗಗಳ ವಿಚಾರವು ಅಲ್ಲಿ ಒಂದು ದೊಡ್ಡ ನ್ಯಾಯಶಾಖೆಯಾಗಿಯೇ ಬೆಳೆದಿದೆ. ಅಲ್ಲಿಗೆ ಹೋಗಿ ನೆಲೆಸುತ್ತಿರುವ ನಮ್ಮ ನಾಡಿನ ಯುವಕ ಯುವತಿಯರಿಗೂ ಇದು ದೂರದ ಮಾತಲ್ಲ.

ಈ ಪ್ರಶ್ನೆಯು ನಮಗೆ ಹೊಸದೆಂದು ಭಾವಿಸುವುದು ಸರಿಯಲ್ಲವೆಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಜನರು ಸುಮಾರು ಒಂದೂವರೆ ಶತಮಾನ ಕಾಲ ಹಲವು ಆಳ್ವಿಕೆಗಳ ಗಡಿಯಲ್ಲಿ ಬಾಳಿದವರು. ಆ ಗಡಿಗಳನ್ನು ದಾಟಿ ಹೆಣ್ಣು ಕೊಟ್ಟವರು, ಹೆಣ್ಣು ತಂದವರು. ಅವರ ಅನುಭವದಲ್ಲಿ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಮೊದಲು ಪರಿಶೀಲಿಸಿ, ಆಮೇಲೆ ಯೂರೋಪಿನ ಉತ್ತರವನ್ನು ಅವುಗಳ ಪಕ್ಕದಲ್ಲಿಟ್ಟು ನೋಡುವುದು ನಮ್ಮ ಉದ್ದೇಶ.

೨

ಮೊದಲು ಸ್ಥಳದ ಸ್ವರೂಪವನ್ನು ತಿಳಿಯಬೇಕು. ೧೮೦೦ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಗಳಲ್ಲಿ ಈ ಪ್ರದೇಶವೂ ಸೇರಿತ್ತು. ಥಾಮಸ್ ಮನ್ರೋ ಇದರ ಪ್ರಧಾನ ಕಲೆಕ್ಟರಾಗಿ ಕಂದಾಯದ ವ್ಯವಸ್ಥೆಯನ್ನು ನೆಲೆಗೊಳಿಸಿದನು. ೧೮೦೮ರಲ್ಲಿ ದತ್ತಮಂಡಲಗಳು ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾದುವು. ೧೮೮೨ರಲ್ಲಿ ಅನಂತಪುರವು ಬಳ್ಳಾರಿಯಿಂದ ಬೇರೆಯಾಯಿತು. ಆಮೇಲೆ ಉಳಿದ ಬಳ್ಳಾರಿ ಜಿಲ್ಲೆಯಲ್ಲಿ ಆದವಾನಿ, ಆಲೂರು, ಬಳ್ಳಾರಿ, ಹಡಗಲಿ, ಹರಪನಹಳ್ಳಿ, ಹೊಸಪೇಟೆ, ಕೂಡ್ಲಿಗಿ, ರಾಯದುರ್ಗ ಎಂಬ ಎಂಟು ತಾಲ್ಲೂಕುಗಳಿದ್ದುವು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿಗೆ ಸೇರಿದ ಊರಾಗಿತ್ತು; ಅದೂ ಹಗರಿಬೊಮ್ಮನಹಳ್ಳಿಯೂ ತಾಲ್ಲೂಕು ಕೇಂದ್ರಗಳಾದುದು ಈಚಿನ ಮಾತು.

ಈ ಪಶ್ಚಿಮ ತಾಲ್ಲೂಕುಗಳು ಮದರಾಸು ಪ್ರಾಂತದ ಒಂದು ಮೂಲೆ. ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಒಂದೆರಡು ದಿನಗಳ ಬಂಡಿಯ ಹಾದಿಯಲ್ಲಿ ಬೇರೊಂದು ಆಳ್ವಿಕೆ ಎದುರಾಗುತ್ತಿತ್ತು. ಹಗರಿಬೊಮ್ಮನಹಳ್ಳಿಯ ಉತ್ತರಕ್ಕೆ ತುಂಗಭದ್ರೆಯನ್ನು ದಾಟಿದರೆ ನಿಜಾಮ ಸಂಸ್ಥಾನದೊಳಗೆ ಸಾಲಾರ್ ಜಂಗರ ಜಹಗೀರಾಗಿದ್ದ ಕೊಪ್ಪಳ. ಹಡಗಲಿಯಿಂದ ಹೊಳೆಯಾಚೆಗೆ ಮುಂಬಯಿ ಪ್ರಾಂತದ ಮುಂಡರಗಿ. ಅದರ ಪಕ್ಕದಲ್ಲಿಯೇ ಸಾಂಗಲಿ ಸಂಸ್ಥಾನಕ್ಕೆ ಸೇರಿದ ಶಿರಹಟ್ಟಿ, ಮಿರಜಿನ ಪಟವರ್ಧನರಿಗೆ ಸೇರಿದ ಲಕ್ಷ್ಮೇಶ್ವರ. ಹರಪನಹಳ್ಳಿಯ ದಕ್ಷಿಣಕ್ಕೆ ಮೈಸೂರು ಸಂಸ್ಥಾನದ ಹರಿಹರ, ದಾವಣಗೆರೆ, ಜಗಳೂರು. ಕೂಡ್ಲಿಗಿಯ ದಕ್ಷಿಣಕ್ಕೆ ಜಗಳೂರು ಮತ್ತು ಮೊಳಕಾಲ್ಮೂರು, ಪೂರ್ವಕ್ಕೆ ಘೋರ್ಪಡೆ ಅರಸರ ಸಂಡೂರು. ನಿಜಾಮ ಸಂಸ್ಥಾನದಲ್ಲಿ ನಾಣ್ಯ ಬೇರೆ, ಸುಂಕ ಬೇರೆ, ಕಚೇರಿಯ ಭಾಷೆ ಬೇರೆ. ಆದರೂ ಹೊಳೆಯ ಎರಡು ದಡಗಳಲ್ಲಿ ಮನೆಮಾತು ಒಂದೇ, ಮನೆದೇವರು ಒಂದೇ. ಮೈಲಾರಲಿಂಗನ ಭರತ ಹುಣ್ಣಿಮೆಯ ಜಾತ್ರೆಗೂ ಕೊಟ್ಟೂರು ಬಸವೇಶ್ವರನ ತೇರಿಗೂ ಈ ಎಲ್ಲ ಆಳ್ವಿಕೆಗಳ ಒಕ್ಕಲುಗಳು ಬಂದು ಸೇರುತ್ತಿದ್ದುವು. ಜಾತ್ರೆಯೆಂಬುದು ಹರಕೆ ತೀರಿಸುವ ಸ್ಥಳವಾಗಿದ್ದಂತೆ ಹೆಣ್ಣು ಗಂಡು ನೋಡುವ, ಬೀಗತನದ ಮಾತು ಎತ್ತುವ ಸ್ಥಳವೂ ಆಗಿತ್ತು.

ಇದರೊಡನೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಸೀಮೆಯ ಬಹುಪಾಲು ಸಮಾಜಗಳಲ್ಲಿ ಸೋದರಮಾವನಿಗೆ ಅಥವಾ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿಯುಂಟು. ಹಡಗಲಿಯ ಸೀಮೆಯಿಂದ ಕೊಪ್ಪಳದ ಕಡೆಗೆ ಕೊಟ್ಟ ಹೆಣ್ಣಿನ ಮಗಳು ಮುಂದಿನ ತಲೆಮಾರಿನಲ್ಲಿ ತನ್ನ ಸೋದರಮಾವನ ಮನೆಗೆ ಸೊಸೆಯಾಗಿ ಮರಳಿ ಬರುವುದು ಸಹಜವಾಗಿತ್ತು. ಜನರ ದೃಷ್ಟಿಯಲ್ಲಿ ಅವಳು ತಾಯಿಯ ತವರಿಗೆ ಹಿಂದಿರುಗಿದವಳು. ಸರಕಾರದ ದೃಷ್ಟಿಯಲ್ಲಿ ಅವಳು ಪರಸಂಸ್ಥಾನದ ಪ್ರಜೆ. ನಂಟಸ್ತಿಕೆಯು ತಾಯಿಯ ದಾರಿಯನ್ನು ಹಿಡಿದು ಗಡಿಯನ್ನು ದಾಟುತ್ತಿತ್ತು. ಕಾಯಿದೆಯು ತಂದೆಯ ದಾರಿಯನ್ನು ಹಿಡಿದು ಗಡಿಯನ್ನು ಎಣಿಸುತ್ತಿತ್ತು. ನಾವು ವಿಚಾರಿಸಬೇಕಾದ ವಿರೋಧದ ಬೀಜವು ಇಲ್ಲಿಯೇ ಇದೆ.

೩

ಆ ಕಾಲದಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಿ ಗಂಡನ ಮನೆಗೆ ಹೋಗುವ ಹೆಣ್ಣಿಗೆ ಯಾವ ರಹದಾರಿಯೂ ಬೇಕಾಗಿರಲಿಲ್ಲ. ವಾಸದ ಹಕ್ಕು ಅವಳಿಗೆ ಕೇಳದೆಯೇ ಬರುತ್ತಿತ್ತು. ಗಡಿಯು ಪ್ರತ್ಯಕ್ಷವಾಗುತ್ತಿದ್ದುದು ಸರಕಾರಿ ನೌಕರಿಯ ಬಾಗಿಲಲ್ಲಿ. ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ನಿಯಮಗಳನ್ನು ಮಾಡಿದುದು ನಿಜಾಮ ಸಂಸ್ಥಾನ. ಹೊರಗಿನವರು ಬಂದು ನೌಕರಿಗಳನ್ನು ಆಕ್ರಮಿಸುತ್ತಿದ್ದಾರೆಂಬ ದೂರು ಹೈದರಾಬಾದಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದಲೂ ಇದ್ದಿತು. ಸ್ವದೇಶಿಗೆ 'ಮುಲ್ಕಿ' ಎಂದೂ ಹೊರಗಿನವನಿಗೆ 'ಗೈರ್ ಮುಲ್ಕಿ' ಎಂದೂ ಹೆಸರಾಯಿತು. ೧೯೧೯ರ ಫರ್ಮಾನಿನಿಂದ ಊರ್ಜಿತವಾದ ಮುಲ್ಕಿ ನಿಯಮಗಳಲ್ಲಿ ಮುಲ್ಕಿಯಾಗುವ ನಾಲ್ಕು ದಾರಿಗಳನ್ನು ಹೇಳಿದೆ. ಒಂದು, ಜನ್ಮದಿಂದ, ಎಂದರೆ ಹುಟ್ಟಿದಾಗ ತಂದೆ ಮುಲ್ಕಿಯಾಗಿದ್ದರೆ. ಎರಡು, ವಾಸದಿಂದ, ಎಂದರೆ ಕನಿಷ್ಠ ೧೫ ವರ್ಷ ಸಂಸ್ಥಾನದಲ್ಲಿ ಕಾಯಂ ಆಗಿ ನೆಲೆಸಿ, ಹಿಂದಿನ ಊರಿಗೆ ಮರಳುವ ಯೋಚನೆಯನ್ನು ಬಿಟ್ಟಿರುವುದಾಗಿ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿದರೆ. ಮೂರು, ೧೫ ವರ್ಷದ ಸರಕಾರಿ ಸೇವೆ ಪೂರೈಸಿದ ನೌಕರನಿಗೆ ಸೇವೆಯಲ್ಲಿರುವಾಗ ಹುಟ್ಟಿದ ಮಗುವಾಗಿದ್ದರೆ. ನಾಲ್ಕು, ಮುಲ್ಕಿಯಾದವನ ಪತ್ನಿಯಾಗಿದ್ದರೆ.

ನಮ್ಮ ವಿಚಾರಕ್ಕೆ ಈ ನಾಲ್ಕನೆಯ ದಾರಿ ಅತ್ಯಂತ ಮುಖ್ಯವಾದುದು. ಹಡಗಲಿಯಲ್ಲಿಯೋ ಕೂಡ್ಲಿಗಿಯಲ್ಲಿಯೋ ಹುಟ್ಟಿದ ಹೆಣ್ಣು ಕೊಪ್ಪಳದವನನ್ನು ಮದುವೆಯಾದ ಮಾತ್ರಕ್ಕೆ ಮುಲ್ಕಿಯಾಗುತ್ತಿದ್ದಳು. ಗಂಡಸು ಹದಿನೈದು ವರ್ಷ ಕಾದು ಪ್ರಮಾಣಮಾಡಿ ಪಡೆಯಬೇಕಾದುದನ್ನು ಮದುವೆಯೊಂದೇ ಅವಳಿಗೆ ದೊರಕಿಸಿತು. ಆದರೆ ನಿಯಮವು ಪತ್ನಿಯನ್ನು ಮಾತ್ರ ಹೇಳುತ್ತದೆ, ಪತಿಯನ್ನು ಹೇಳುವುದಿಲ್ಲ. ಮುಲ್ಕಿ ಹೆಣ್ಣನ್ನು ಮದುವೆಯಾಗಿ ಹೊಳೆಯಾಚೆ ಹೋಗಿ ನೆಲೆಸಿದ ಹೊರಗಿನ ಗಂಡಸು ಮದುವೆಯ ಬಲದಿಂದ ಏನನ್ನೂ ಪಡೆಯಲಾರನು. ಅವನು ವಾಸದ ದಾರಿಯನ್ನೇ ಹಿಡಿಯಬೇಕು. ಈ ನಿಯಮದ ಹಿಂದಿನ ಭಾವನೆ ಸ್ಪಷ್ಟವಾಗಿದೆ: ಹೆಂಡತಿಯು ಗಂಡನ ನಾಡನ್ನು ಸೇರುತ್ತಾಳೆ, ಗಂಡನು ಹೆಂಡತಿಯ ನಾಡನ್ನು ಸೇರುವುದಿಲ್ಲ. ಅಂದಿನ ಬ್ರಿಟಿಷ್ ಪ್ರಜಾತ್ವದ ಕಾಯಿದೆಯಲ್ಲಿಯೂ ಇದೇ ಭಾವನೆಯನ್ನು ಕಾಣುತ್ತೇವೆ. ೧೯೧೪ರ ಆ ಕಾಯಿದೆಯು ಬ್ರಿಟಿಷ್ ಪ್ರಜೆಯ ಪತ್ನಿಯನ್ನು ಬ್ರಿಟಿಷ್ ಪ್ರಜೆಯೆಂದೂ, ಪರದೇಶೀಯನ ಪತ್ನಿಯನ್ನು ಪರದೇಶೀಯಳೆಂದೂ ಭಾವಿಸತಕ್ಕದ್ದೆಂದು ವಿಧಿಸಿತ್ತು. ಲಂಡನ್ನಿನ ಕಾಯಿದೆಗೂ ಹೈದರಾಬಾದಿನ ಫರ್ಮಾನಿಗೂ ಈ ಒಂದು ಮಾತಿನಲ್ಲಿ ಭೇದವಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಮದುವೆಯಿಂದ ಮುಲ್ಕಿಯಾದ ಹೆಣ್ಣಿಗೆ ಆ ಹಕ್ಕು ಎಷ್ಟು ಉಪಯುಕ್ತವಾಯಿತು? ೧೯೧೯ರಲ್ಲಿ ಸರಕಾರಿ ನೌಕರಿಗೆ ಹೋಗಬಲ್ಲ ಹೆಂಗಸರು ಎಷ್ಟು ಮಂದಿ? ಶಾಲೆಯ ಉಪಾಧ್ಯಾಯಿನಿ, ದಾಯಿ, ದಾದಿ ಎಂಬ ಕೆಲವು ಕೆಲಸಗಳನ್ನು ಬಿಟ್ಟರೆ ಅವಳಿಗೆ ತೆರೆದ ಬಾಗಿಲುಗಳಿರಲಿಲ್ಲ. ಹಕ್ಕನ್ನು ಉಪಯೋಗಿಸಲಾರದವಳಿಗೆ ಹಕ್ಕು ಸುಲಭವಾಗಿ ದೊರೆಯಿತು, ಉಪಯೋಗಿಸಬಲ್ಲವನಿಗೆ ದೊರೆಯಲಿಲ್ಲ. ಆದುದರಿಂದ ಈ ನಿಯಮವನ್ನು ಸ್ತ್ರೀಯರ ಮೇಲಿನ ಉದಾರತೆಯೆಂದು ಕೊಂಡಾಡುವುದು ಉಚಿತವಲ್ಲ. ಕುಟುಂಬವೊಂದಕ್ಕೆ ಒಂದೇ ನೆಲೆ, ಆ ನೆಲೆ ಯಜಮಾನನದು ಎಂಬ ಪುರಾತನ ಭಾವನೆಯ ಬರವಣಿಗೆಯ ರೂಪವಿದು.

ಜನರ ಆಚಾರದಲ್ಲಿ ಮಾತ್ರ ಇದಕ್ಕೆ ವಿರುದ್ಧವಾದ ಒಂದು ವ್ಯವಸ್ಥೆಯೂ ಇದ್ದಿತು. ಗಂಡುಸಂತಾನವಿಲ್ಲದ ಮನೆಯವರು ಮಗಳಿಗೆ ಮದುವೆ ಮಾಡಿ ಅಳಿಯನನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಳ್ಳುವ ಮನೆಯಳಿಯತನ ಈ ಸೀಮೆಯಲ್ಲಿ ಪ್ರಸಿದ್ಧವಾದುದು. ಬಳ್ಳಾರಿ ಮತ್ತು ಕರ್ನೂಲು ಜಿಲ್ಲೆಗಳ ರೆಡ್ಡಿಗಳಲ್ಲಿ ಇದು 'ಇಲ್ಲಟಂ' ಎಂಬ ಹೆಸರಿನಿಂದ ನಡೆಯುತ್ತಿತ್ತು. ಮದರಾಸಿನ ಉಚ್ಚ ನ್ಯಾಯಾಲಯವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಕಾಯಿದೆಗೆ ಒಪ್ಪಿತವಾದ ಆಚಾರವೆಂದು ಮನ್ನಿಸಿತು. ಮಾವನ ಬೇಸಾಯಕ್ಕೆ ಹೆಗಲು ಕೊಟ್ಟ ಇಲ್ಲಟದ ಅಳಿಯನಿಗೆ ಮಾವನ ಆಸ್ತಿಯಲ್ಲಿ ಮಗನಂತೆ ಹಕ್ಕು ದೊರೆಯುತ್ತಿತ್ತು. ದತ್ತಕನಂತೆ ಅವನು ಹುಟ್ಟಿದ ಮನೆಯ ಹಕ್ಕನ್ನು ಕಳೆದುಕೊಳ್ಳುತ್ತಲೂ ಇರಲಿಲ್ಲ. ಎಂದರೆ, ಮದುವೆಯಿಂದ ನೆಲೆ ಬದಲಿಸಿದ ಗಂಡಸಿಗೆ ಒಕ್ಕಲುತನದ ಆಚಾರವು ಎರಡು ನೆಲೆಗಳನ್ನೂ ಕೊಟ್ಟಿತು. ಅವನು ದುಡಿಯಲು ಬಂದವನು, ಆದುದರಿಂದ ಅವನಿಗೆ ಹಕ್ಕುಂಟು ಎಂಬುದು ಆ ಆಚಾರದ ತರ್ಕ. ಈ ಮಾತನ್ನು ಮುಂದೆ ಯೂರೋಪಿನ ವಿಚಾರ ಬಂದಾಗ ನೆನಪಿಗೆ ತಂದುಕೊಳ್ಳಬೇಕಾಗುತ್ತದೆ.

೪

೧೯೪೭ರಿಂದ ೧೯೫೬ರವರೆಗಿನ ಹತ್ತು ವರ್ಷಗಳಲ್ಲಿ ಈ ಗಡಿಗಳೆಲ್ಲ ಕದಲಿದುವು. ರಜಾಕಾರರ ಹಾವಳಿಯ ಕಾಲದಲ್ಲಿ ಹೊಳೆಯಾಚೆಯ ಅನೇಕ ಕುಟುಂಬಗಳು ಈಚೆಗೆ ಬಂದುವು. ಮುಂಡರಗಿಯೇ ಮೊದಲಾದ ಊರುಗಳಲ್ಲಿ ಹೋರಾಟದ ಶಿಬಿರಗಳಿದ್ದುವು. ಆಪತ್ಕಾಲದಲ್ಲಿ ಆಶ್ರಯಕ್ಕೆ ಮೊದಲು ನೆನಪಾಗುವುದು ಬೀಗರ ಮನೆ, ತಾಯಿಯ ತವರು. ಗಡಿ ದಾಟಿದ ಮದುವೆಗಳು ಹೀಗೆ ರಾಜಕೀಯ ಸಂಕಟದಲ್ಲಿ ಜನರಿಗೆ ರಕ್ಷೆಯಾದುವು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಡನೆ ಸೇರಿತು. ೧೯೪೯ರಲ್ಲಿ ಸಂಡೂರು ಮದರಾಸಿನಲ್ಲಿ ವಿಲೀನವಾಯಿತು.

೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು; ಬಳ್ಳಾರಿ ಜಿಲ್ಲೆಯ ಉಳಿದ ಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿಗೂ ದಾವಣಗೆರೆಗೂ ನಡುವೆ ಇದ್ದ ಗಡಿ ಅಂದು ಅಳಿಯಿತು. ಕೂಡ್ಲಿಗಿಗೂ ರಾಯದುರ್ಗಕ್ಕೂ ನಡುವೆ ಇಲ್ಲದಿದ್ದ ಗಡಿ ಅಂದು ಹುಟ್ಟಿತು. ಒಂದೇ ಜಿಲ್ಲೆಯೊಳಗೆ ನಡೆದಿದ್ದ ಮದುವೆಗಳು ಒಂದು ರಾತ್ರಿಯಲ್ಲಿ ಎರಡು ರಾಜ್ಯಗಳ ಮದುವೆಗಳಾದುವು. ೧೯೫೬ರ ನವೆಂಬರ್ ೧ರಂದು ಕೊಪ್ಪಳ, ಮುಂಡರಗಿ, ಶಿರಹಟ್ಟಿಗಳೂ ಒಂದೇ ರಾಜ್ಯದೊಳಗೆ ಬಂದುವು.

ಅಷ್ಟರಲ್ಲಿ ರಾಜ್ಯಾಂಗವು ಈ ಭೇದಗಳ ಬೇರಿಗೇ ಕೈಹಾಕಿತ್ತು. ಭಾರತದಲ್ಲಿ ಪೌರತ್ವ ಒಂದೇ. ಎಲ್ಲಿಯಾದರೂ ವಾಸಿಸುವ ಹಕ್ಕು ಎಲ್ಲ ಪೌರರಿಗೂ ಸಮಾನ. ೧೬ನೆಯ ಅನುಚ್ಛೇದವು ಜನ್ಮಸ್ಥಳ ಅಥವಾ ವಾಸಸ್ಥಳದ ಕಾರಣದಿಂದ ಸರಕಾರಿ ಉದ್ಯೋಗದಲ್ಲಿ ಭೇದ ಮಾಡಕೂಡದೆಂದು ವಿಧಿಸಿ, ವಾಸದ ನಿಬಂಧನೆಯನ್ನು ಹಾಕುವ ಅಧಿಕಾರವನ್ನು ಸಂಸತ್ತಿಗೆ ಮಾತ್ರ ಬಿಟ್ಟಿತು. ೧೯೫೭ರಲ್ಲಿ ಸಂಸತ್ತು ಮಾಡಿ ೧೯೫೯ರಲ್ಲಿ ಜಾರಿಗೆ ತಂದ ಕಾಯಿದೆಯು ಹಳೆಯ ವಾಸನಿಯಮಗಳನ್ನು ತೆಗೆದುಹಾಕಿತು. ತೆಲಂಗಾಣವೇ ಮೊದಲಾದ ಕೆಲವು ಪ್ರದೇಶಗಳಿಗೆ ಮಾತ್ರ ವಿನಾಯಿತಿಯಿದ್ದಿತು. ಆ ವಿನಾಯಿತಿಯ ವ್ಯಾಜ್ಯವು ತೆಲಂಗಾಣದಲ್ಲಿ ಬಹುಕಾಲ ನಡೆದು, ೧೯೭೩ರಲ್ಲಿ ಮುಲ್ಕಿ ನಿಯಮಗಳ ರದ್ದತಿಯಲ್ಲಿಯೂ ರಾಜ್ಯಾಂಗದ ೩೭೧-ಡಿ ಅನುಚ್ಛೇದದ ಸೇರ್ಪಡೆಯಲ್ಲಿಯೂ ಪರ್ಯವಸಾನವಾಯಿತು. ಕೊಪ್ಪಳದ ಕಡೆಯ ಸೊಸೆಗೆ ಮಾತ್ರ ಮುಲ್ಕಿಯೆಂಬ ಶಬ್ದವು ಅದಕ್ಕೆ ಬಹಳ ಮೊದಲೇ ಹಳೆಯ ಕಾಗದದ ಶಬ್ದವಾಗಿತ್ತು.

ಆದರೆ ಗಡಿಯು ಪೂರ್ಣವಾಗಿ ಅಳಿಯಿತೆಂದು ಹೇಳಲಾಗದು. ಒಂದು ಉದಾಹರಣೆ ಸಾಕು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಲ್ಲಿ ಲಂಬಾಣಿಗರ ತಾಂಡಾಗಳು ಅನೇಕವಾಗಿವೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯವರು. ಆಂಧ್ರ ಪ್ರದೇಶದಲ್ಲಿ ಸುಗಾಲಿ, ಲಂಬಾಡಿ ಎಂಬ ಹೆಸರುಗಳಿಂದ ಪರಿಶಿಷ್ಟ ಪಂಗಡದವರು. ಒಂದೇ ಮಾತು, ಒಂದೇ ಉಡುಗೆ, ಒಂದೇ ಸೇವಾಲಾಲರ ಭಕ್ತಿ. ಪಟ್ಟಿಗಳು ಮಾತ್ರ ಎರಡು. ಒಂದು ರಾಜ್ಯದ ಪಟ್ಟಿಯ ಸೌಲಭ್ಯವನ್ನು ಮತ್ತೊಂದು ರಾಜ್ಯಕ್ಕೆ ವಲಸೆ ಬಂದವರು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೧೯೯೦ರಲ್ಲಿ ತೀರ್ಮಾನಿಸಿತು. ಮದುವೆಯ ಕಾರಣದಿಂದ ವಲಸೆ ಬಂದ ಹೆಣ್ಣಿಗೂ ಇದೇ ನಿಯಮವೆಂದು ೨೦೧೮ರಲ್ಲಿ ಹೇಳಿತು. ಆದುದರಿಂದ ರಾಯದುರ್ಗದ ಕಡೆಯ ತಾಂಡಾದಿಂದ ಕೂಡ್ಲಿಗಿಯ ತಾಂಡಾಕ್ಕೆ ಸೊಸೆಯಾಗಿ ಬಂದವಳು, ೧೯೫೩ಕ್ಕೆ ಮೊದಲು ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ, ತನ್ನ ಗಂಡನಿಗೂ ಮಕ್ಕಳಿಗೂ ಇರುವ ಮೀಸಲಾತಿಯನ್ನು ತಾನು ಕೇಳಲಾರಳು. ವಾಸದ ಹಕ್ಕು ಅವಳಿಗೆ ಸಂಪೂರ್ಣವಾಗಿದೆ. ಉದ್ಯೋಗದ ಒಂದು ವಿಶೇಷ ಹಕ್ಕು ಮಾತ್ರ ಹೊಳೆಯಾಚೆಯೇ ಉಳಿಯಿತು.

೫

ಹೊಸ ಕಾಲದಲ್ಲಿ ಈ ಪ್ರಶ್ನೆಯು ಮತ್ತೊಂದು ರೂಪದಿಂದ ಈ ಐದು ತಾಲ್ಲೂಕುಗಳಿಗೆ ಬಂದಿತು. ೨೦೧೨ರಲ್ಲಿ ಸಂಸತ್ತು ಅಂಗೀಕರಿಸಿದ ರಾಜ್ಯಾಂಗದ ೯೮ನೆಯ ತಿದ್ದುಪಡಿಯು ೩೭೧-ಜೆ ಅನುಚ್ಛೇದವನ್ನು ಸೇರಿಸಿತು. ಅದು ೨೦೧೩ರಲ್ಲಿ ಜಾರಿಗೆ ಬಂದಿತು. ಹಿಂದುಳಿದ ಹೈದರಾಬಾದು-ಕರ್ನಾಟಕ ಪ್ರದೇಶಕ್ಕೆ ವಿಶೇಷ ಅವಕಾಶಗಳನ್ನು ಕಲ್ಪಿಸುವುದು ಅದರ ಉದ್ದೇಶ. ಈ ಪ್ರದೇಶಕ್ಕೆ ೨೦೧೯ರಲ್ಲಿ ಕಲ್ಯಾಣ ಕರ್ನಾಟಕವೆಂದು ಹೆಸರಾಯಿತು. ನಿಜಾಮನ ಆಳ್ವಿಕೆಗೆ ಸೇರಿದ್ದ ಜಿಲ್ಲೆಗಳೊಡನೆ ಮದರಾಸಿನಿಂದ ಬಂದ ಬಳ್ಳಾರಿ ಜಿಲ್ಲೆಯೂ ಇದರಲ್ಲಿ ಸೇರಿತೆಂಬುದು ಗಮನಾರ್ಹ. ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿಯೂ ಸರಕಾರಿ ಹುದ್ದೆಗಳಲ್ಲಿಯೂ ಒಂದು ಪಾಲನ್ನು 'ಜನನದಿಂದ ಅಥವಾ ಅಧಿವಾಸದಿಂದ' ಆ ಪ್ರದೇಶಕ್ಕೆ ಸೇರಿದವರಿಗೆ ಕಾದಿರಿಸಬಹುದೆಂದು ಅನುಚ್ಛೇದವು ಹೇಳುತ್ತದೆ.

ಈ ಎರಡು ಶಬ್ದಗಳನ್ನು ಮುಲ್ಕಿ ನಿಯಮದ ನಾಲ್ಕು ದಾರಿಗಳೊಡನೆ ಹೋಲಿಸಿದರೆ ಚರಿತ್ರೆಯ ಸರಿತವು ತಿಳಿಯುತ್ತದೆ. ಜನನವುಂಟು, ವಾಸವುಂಟು, ವಿವಾಹವೆಂಬ ಶಬ್ದವು ಅನುಚ್ಛೇದದಲ್ಲಿ ಬರುವುದಿಲ್ಲ. ಹೊರಗಿನಿಂದ ಬಂದ ಸೊಸೆಯ ಹಕ್ಕು, ಅನುಚ್ಛೇದದ ಅಕ್ಷರದ ಪ್ರಕಾರ, ಅವಳು ಇಲ್ಲಿ ನೆಲೆಸುವುದರಿಂದ ಹುಟ್ಟತಕ್ಕದ್ದು, ತಾಳಿಯಿಂದಲ್ಲ. ಹಾಗೆಯೇ ಇಲ್ಲಿ ಹುಟ್ಟಿ ದಾವಣಗೆರೆಗೋ ಧಾರವಾಡಕ್ಕೋ ಮದುವೆಯಾಗಿ ಹೋದ ಮಗಳ ಹಕ್ಕು ಅವಳ ಜನನದಲ್ಲಿಯೇ ಉಳಿಯುತ್ತದೆ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯನ್ನು ಈ ಎರಡು ಶಬ್ದಗಳು ಸದ್ದಿಲ್ಲದೆ ತಳ್ಳಿಹಾಕಿವೆ. ಮುಲ್ಕಿ ನಿಯಮವು ಸೊಸೆಯನ್ನು ಒಳಗೆ ಕರೆದುಕೊಂಡಿತು. ಇಂದಿನ ನಿಯಮವು ಮಗಳನ್ನು ಬಿಟ್ಟುಕೊಡಲಿಲ್ಲ. ಒಂದರಲ್ಲಿ ಸ್ತ್ರೀಯು ಪತ್ನಿಯಾಗಿ ಹಕ್ಕುದಾರಳು, ಇನ್ನೊಂದರಲ್ಲಿ ವ್ಯಕ್ತಿಯಾಗಿ ಹಕ್ಕುದಾರಳು. ಎರಡನೆಯದು ಮೇಲಾದ ತತ್ತ್ವವೆಂದು ನಮಗೆ ತೋರುತ್ತದೆ; ಆದರೆ ಹೊಸದಾಗಿ ಬಂದ ಸೊಸೆಯು ಅದರ ಬೆಲೆಯನ್ನು ತೆರಬೇಕಾಗುತ್ತದೆಂಬುದನ್ನು ಮರೆಯಬಾರದು.

ಹರಪನಹಳ್ಳಿಯ ಕಥೆ ಇನ್ನೂ ವಿಚಿತ್ರವಾದುದು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಈ ತಾಲ್ಲೂಕು ಬಳ್ಳಾರಿಯಿಂದ ಅದಕ್ಕೆ ಹೋಯಿತು. ಅಂದು ಅದು ಕೇವಲ ಕಚೇರಿಯ ಅನುಕೂಲದ ಮಾತಾಗಿತ್ತು. ೩೭೧-ಜೆ ಬಂದಾಗ ದಾವಣಗೆರೆಯು ಪ್ರದೇಶದ ಹೊರಗೆ ಉಳಿಯಿತು. ನೆರೆಯ ಹಡಗಲಿ, ಕೂಡ್ಲಿಗಿಗಳು ಒಳಗಾದುವು, ಹರಪನಹಳ್ಳಿ ಹೊರಗಾಯಿತು. ತಾಲ್ಲೂಕಿನ ಜನರು ಇದಕ್ಕಾಗಿ ಹೋರಾಡಿದರು. ೨೦೧೮ರಲ್ಲಿ ಹರಪನಹಳ್ಳಿಯು ಮರಳಿ ಬಳ್ಳಾರಿಗೆ ಸೇರಿತು. ೨೦೨೧ರಲ್ಲಿ ಈ ಐದು ತಾಲ್ಲೂಕುಗಳೂ ಹೊಸಪೇಟೆಯೊಡನೆ ವಿಜಯನಗರ ಜಿಲ್ಲೆಯಾದುವು. ಈ ಅಂತರದ ವರ್ಷಗಳಲ್ಲಿ ಹರಪನಹಳ್ಳಿಯ ಹಳ್ಳಿಯಿಂದ ನಾಲ್ಕು ಹರದಾರಿ ದೂರದ ಹಡಗಲಿಯ ಹಳ್ಳಿಗೆ ಮದುವೆಯಾಗಿ ಹೋದ ಹೆಣ್ಣು ಒಂದು ರಾಜ್ಯಾಂಗರಕ್ಷಿತ ಪ್ರದೇಶದ ಗಡಿಯನ್ನು ದಾಟಿದಂತಾಗಿತ್ತು. ಆಕೆ ಹೋದ ದಾರಿ ಅವಳ ತಾಯಿಯೂ ಅಜ್ಜಿಯೂ ಹೋಗಿಬಂದ ದಾರಿಯೇ. ಜನರು ಗಡಿಯನ್ನು ದಾಟುವುದಷ್ಟೇ ಅಲ್ಲ, ಗಡಿಯೂ ಜನರ ಮೇಲೆ ದಾಟಿಹೋಗುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

೬

ಇನ್ನು ಯೂರೋಪಿನ ಕಡೆಗೆ ನೋಡೋಣ. ೧೯೫೭ರ ರೋಮ್ ಒಪ್ಪಂದದಿಂದ ಆರು ರಾಷ್ಟ್ರಗಳು ಆರ್ಥಿಕ ಸಮುದಾಯವೊಂದನ್ನು ಕಟ್ಟಿಕೊಂಡು, ಒಂದು ರಾಷ್ಟ್ರದ ಕೆಲಸಗಾರನು ಮತ್ತೊಂದರಲ್ಲಿ ದುಡಿಯುವ ಸ್ವಾತಂತ್ರ್ಯವನ್ನು ಒಪ್ಪಿದುವು. ಕೆಲಸಗಾರನು ಸಂಸಾರವನ್ನು ಬಿಟ್ಟು ಬರಲಾರನು, ಬಂದರೂ ನಿಲ್ಲಲಾರನು. ಆದಕಾರಣ ೧೯೬೮ರ ನಿಯಮಾವಳಿಯು ಅವನ ಪತಿ ಅಥವಾ ಪತ್ನ್ಯಾದವರಿಗೆ, ಅವರು ಯಾವ ದೇಶದ ಪ್ರಜೆಗಳಾಗಿದ್ದರೂ, ಜತೆಯಲ್ಲಿ ವಾಸಿಸುವ ಮತ್ತು ಆ ರಾಷ್ಟ್ರದಲ್ಲಿ ಕೂಲಿಯ ಅಥವಾ ಸಂಬಳದ ಕೆಲಸವನ್ನು ಹಿಡಿಯುವ ಹಕ್ಕನ್ನು ಕೊಟ್ಟಿತು. ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಒಂದು, ಈ ಹಕ್ಕಿನ ಮೂಲವು ದುಡಿಮೆ. ಇಲ್ಲಟದ ಆಚಾರದ ತರ್ಕವೇ ಇಲ್ಲಿಯೂ ಇದೆ. ಎರಡು, ನಿಯಮವು ಹೆಂಡತಿಯೆಂದು ಹೇಳದೆ ಗಂಡಹೆಂಡಿರಿಬ್ಬರಿಗೂ ಅನ್ವಯಿಸುವ ಶಬ್ದವನ್ನು ಬಳಸಿತು. ೧೯೫೫ರ ನಮ್ಮ ಪೌರತ್ವ ಕಾಯಿದೆಯು ಭಾರತೀಯ ಪೌರರನ್ನು ಮದುವೆಯಾದ 'ಸ್ತ್ರೀಯರು' ಮಾತ್ರ ನೋಂದಣಿಯಿಂದ ಪೌರರಾಗಬಹುದೆಂದು ಹೇಳಿ, ೧೯೮೬ರ ತಿದ್ದುಪಡಿಯಲ್ಲಿ 'ವ್ಯಕ್ತಿಗಳು' ಎಂದು ಬದಲಾಯಿಸಿತೆಂಬುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಈ ನ್ಯಾಯಶಾಖೆಯ ಒಂದು ಪ್ರಸಿದ್ಧ ಮೊಕದ್ದಮೆಯು ಭಾರತೀಯನೊಬ್ಬನದು. ಸುರಿಂದರ್ ಸಿಂಗ್ ಎಂಬ ಭಾರತದ ಪ್ರಜೆ ೧೯೮೨ರಲ್ಲಿ ಬ್ರಿಟಿಷ್ ಪೌರಳೊಬ್ಬಳನ್ನು ಮದುವೆಯಾದನು. ದಂಪತಿಗಳು ೧೯೮೩ರಿಂದ ೧೯೮೫ರವರೆಗೆ ಜರ್ಮನಿಯಲ್ಲಿ ದುಡಿದು, ಬ್ರಿಟನ್ನಿಗೆ ಹಿಂದಿರುಗಿ ವ್ಯಾಪಾರ ಹೂಡಿದರು. ಮುಂದೆ ಮದುವೆ ಮುರಿಯುತ್ತ ಬಂದಾಗ ಬ್ರಿಟಿಷ್ ಸರಕಾರವು ಅವನನ್ನು ಹೊರಗೆ ಕಳುಹಿಸಲು ಹೊರಟಿತು. ಸಮುದಾಯದ ನ್ಯಾಯಾಲಯವು ೧೯೯೨ರ ಜುಲೈ ೭ರಂದು, ಬೇರೆ ಸದಸ್ಯರಾಷ್ಟ್ರದಲ್ಲಿ ದುಡಿದು ಸ್ವಂತ ನಾಡಿಗೆ ಮರಳುವ ಪೌರಳ ಪತಿಗೆ, ಆಕೆ ಬೇರೊಂದು ಸದಸ್ಯರಾಷ್ಟ್ರಕ್ಕೆ ಹೋಗಿದ್ದರೆ ಎಷ್ಟು ಹಕ್ಕು ದೊರೆಯುತ್ತಿತ್ತೋ ಅಷ್ಟಾದರೂ ದೊರೆಯತಕ್ಕದ್ದೆಂದು ತೀರ್ಪು ಕೊಟ್ಟಿತು. ಮರಳಿ ಬರುವಾಗ ಸಂಗಾತಿಯ ಹಕ್ಕು ಕುಗ್ಗುವುದಾದರೆ ಯಾರೂ ಹೊರಗೆ ಹೋಗಲು ಮನಸ್ಸು ಮಾಡರೆಂಬುದು ತೀರ್ಪಿನ ಸಾರ.

೨೦೦೪ರ ಏಪ್ರಿಲ್ ೨೯ರ ನಿರ್ದೇಶವು ಈ ಹಕ್ಕುಗಳನ್ನು ಒಂದೆಡೆ ಕೂಡಿಸಿತು. ಅದರಂತೆ ಹೊರನಾಡಿನ ಸಂಗಾತಿಗೆ ಅರ್ಜಿಕೊಟ್ಟ ಆರು ತಿಂಗಳೊಳಗೆ ವಾಸದ ಚೀಟಿಯನ್ನು ಕೊಡತಕ್ಕದ್ದು. ಅವರು ಕೆಲಸಕ್ಕೆ ಸೇರಲು ಅಥವಾ ಸ್ವತಂತ್ರವಾಗಿ ಉದ್ಯಮ ಹೂಡಲು ಹಕ್ಕುಳ್ಳವರು. ಐದು ವರ್ಷಗಳ ವಾಸದ ನಂತರ ಕಾಯಂ ವಾಸದ ಹಕ್ಕು. ಆದರೆ ಈ ವ್ಯವಸ್ಥೆಯಲ್ಲಿಯೂ ಒಂದು ವಿಚಿತ್ರವಾದ ಗಡಿಯಿದೆ. ಪೌರನು ತನ್ನ ರಾಷ್ಟ್ರವನ್ನು ಬಿಟ್ಟು ಬೇರೆ ಸದಸ್ಯರಾಷ್ಟ್ರಕ್ಕೆ ಹೋದರೆ ಮಾತ್ರ ನಿರ್ದೇಶವು ಅನ್ವಯಿಸುತ್ತದೆ. ಮನೆಯಲ್ಲಿಯೇ ಉಳಿದವನಿಗೆ ಅವನ ರಾಷ್ಟ್ರದ ಕಾಯಿದೆಯೇ ಗತಿ. ಜರ್ಮನಿಯು ೨೦೦೭ರಿಂದ, ಹೊರನಾಡಿನಿಂದ ಬರುವ ಸಂಗಾತಿಗೆ ಜರ್ಮನ್ ಭಾಷೆಯ ಪ್ರಾಥಮಿಕ ಜ್ಞಾನವನ್ನು ಸಾಮಾನ್ಯವಾಗಿ ವಿಧಿಸಿದೆ. ಬರ್ಲಿನ್ನಿನಲ್ಲಿರುವ ಜರ್ಮನ್ ಪೌರನನ್ನು ಮದುವೆಯಾದ ಬಳ್ಳಾರಿಯ ಹೆಣ್ಣು ಆ ಪರೀಕ್ಷೆಯನ್ನು ದಾಟಬೇಕು. ಅದೇ ಊರಿನಲ್ಲಿ ದುಡಿಯುವ ಫ್ರೆಂಚ್ ಪೌರನನ್ನು ಮದುವೆಯಾದರೆ ದಾಟಬೇಕಾಗಿಲ್ಲ. ಸ್ವಂತ ನಾಡಿನವನಿಗಿಂತ ವಲಸೆ ಬಂದವನಿಗೆ ಹೆಚ್ಚು ಹಕ್ಕೆಂಬ ಈ ಸ್ಥಿತಿಯನ್ನು ಮುಲ್ಕಿ ನಿಯಮಗಳ ಕರ್ತರು ಊಹಿಸಲೂ ಆರರು.

ಮದುವೆ ಕೊನೆಗೊಂಡಾಗ ಏನಾಗುತ್ತದೆಂಬುದೇ ಇಂಥ ಕಾಯಿದೆಗಳ ನಿಜವಾದ ಒರೆಗಲ್ಲು. ನಿರ್ದೇಶದ ಪ್ರಕಾರ, ಪೌರಸಂಗಾತಿಯು ಮರಣಹೊಂದಿದರೆ ಅದಕ್ಕೆ ಮೊದಲು ಕನಿಷ್ಠ ಒಂದು ವರ್ಷ ಅಲ್ಲಿ ವಾಸಿಸಿದ್ದವರು ಉಳಿಯಬಹುದು. ವಿಚ್ಛೇದನವಾದರೆ ಮದುವೆ ಮೂರು ವರ್ಷ ನಡೆದಿದ್ದು ಅದರಲ್ಲಿ ಒಂದು ವರ್ಷವಾದರೂ ಆ ರಾಷ್ಟ್ರದಲ್ಲಿ ಕಳೆದಿರಬೇಕು. ಮನೆಯೊಳಗಿನ ಹಿಂಸೆಯೇ ಮೊದಲಾದ ಕಷ್ಟಗಳಿಗೆ ವಿನಾಯಿತಿಯುಂಟು. ಕಾಯಂ ಹಕ್ಕು ಬರುವವರೆಗೆ ಅವರು ದುಡಿಮೆಯನ್ನಾಗಲಿ ಸಾಕಷ್ಟು ಜೀವನಾಧಾರವನ್ನಾಗಲಿ ತೋರಿಸಬೇಕು. ಆದರೂ ೨೦೧೫ರಲ್ಲಿ ಐರ್ಲೆಂಡಿನಿಂದ ಬಂದ ಮೊಕದ್ದಮೆಯಲ್ಲಿ, ವಿಚ್ಛೇದನದ ಅರ್ಜಿ ಹಾಕುವ ಮೊದಲೇ ಪೌರಸಂಗಾತಿಯು ಆ ರಾಷ್ಟ್ರವನ್ನು ಬಿಟ್ಟುಹೋದರೆ ಉಳಿದವರ ಹಕ್ಕು ಅಲ್ಲಿಗೇ ಮುಗಿಯಿತೆಂದು ನ್ಯಾಯಾಲಯವು ಹೇಳಿತು. ಎಷ್ಟೇ ಉದಾರವಾದರೂ ಇದು ಮೂಲತಃ ಎರವಲು ಹಕ್ಕು. ಎರವು ಕೊಟ್ಟವರು ಎದ್ದುಹೋದರೆ ನೆಲೆ ಅಲುಗಾಡುತ್ತದೆ.

೭

ಈ ಪರಿಶೀಲನೆಯಿಂದ ಮೂರು ವ್ಯವಸ್ಥೆಗಳು ನಮ್ಮ ಕಣ್ಣಿಗೆ ಬೀಳುತ್ತವೆ. ಮುಲ್ಕಿ ನಿಯಮವು ವಿವಾಹವನ್ನೇ ಹಕ್ಕಿನ ಮೂಲವನ್ನಾಗಿ ಮಾಡಿ, ಅದನ್ನು ಪತ್ನಿಗೆ ಮಾತ್ರ ಕೊಟ್ಟಿತು. ನಮ್ಮ ಇಂದಿನ ರಾಜ್ಯಾಂಗವು ವಾಸದ ಹಕ್ಕನ್ನು ಪೌರರೆಲ್ಲರಿಗೂ ಸ್ವಂತವಾಗಿ ಕೊಟ್ಟು, ವಿಶೇಷ ಉದ್ಯೋಗಾವಕಾಶಗಳನ್ನು ಮಾತ್ರ ಜನನ, ವಾಸ, ರಾಜ್ಯದ ಪಟ್ಟಿ ಎಂಬುವಕ್ಕೆ ಕಟ್ಟಿತು. ಯೂರೋಪು ವಿವಾಹದಿಂದ ಬಂದ ಹಕ್ಕನ್ನು ಗಂಡಹೆಂಡಿರಿಬ್ಬರಿಗೂ ವಿಸ್ತರಿಸಿತು. ಆದರೆ ಅದನ್ನು ಸಂಗಾತಿಯ ಸಂಚಾರಕ್ಕೆ ಕಟ್ಟಿಹಾಕಿತು. ಪ್ರತಿಯೊಂದಕ್ಕೂ ಮೂರು ಪ್ರಶ್ನೆಗಳನ್ನು ಹಾಕಬೇಕೆಂದು ನಾವು ವಿದ್ಯಾರ್ಥಿಗಳಿಗೆ ಸೂಚಿಸುತ್ತೇವೆ: ಹಕ್ಕು ಸ್ವಂತದ್ದೇ, ಎರವಲಿನದೇ? ಅದು ಗಂಡಿಗೂ ಹೆಣ್ಣಿಗೂ ಸಮವೇ? ವೈಧವ್ಯ, ವಿರಸಗಳ ತರುವಾಯವೂ ಅದು ನಿಲ್ಲುತ್ತದೆಯೇ?

ಮೂರನೆಯ ಪ್ರಶ್ನೆಯು ಈ ಸೀಮೆಯ ಹೆಂಗಸರಿಗೆ ಎಂದೂ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಗಂಡ ಸತ್ತಮೇಲೆ ಗಂಡನ ಮನೆಯಲ್ಲಿ ಜೀವನಾಂಶಕ್ಕೆ ಕೈಚಾಚಬೇಕೋ, ಹೊಳೆ ದಾಟಿ ತವರಿಗೆ ಮರಳಬೇಕೋ, ಉಡಿಕೆಯಾಗಿ ಮತ್ತೊಂದು ಮನೆ ಸೇರಬೇಕೋ ಎಂಬ ಚಿಂತೆಯಲ್ಲಿ ಎಷ್ಟೋ ಬಾಳುಗಳು ಕಳೆದಿವೆ. ನೆಲೆಯೆಂಬುದು ಇನ್ನೊಬ್ಬರ ಉಸಿರಿಗೆ ಅಥವಾ ಇನ್ನೊಬ್ಬರ ಮನಸ್ಸಿಗೆ ಕಟ್ಟಿದ್ದಾಗ ಬಾಳು ಎಷ್ಟು ಅಸ್ಥಿರವೆಂಬುದನ್ನು ಡಬ್ಲಿನ್ನಿನ ನ್ಯಾಯವಾದಿಗೂ ಹಡಗಲಿಯ ವಿಧವೆಗೂ ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಪಶ್ಚಿಮ ತಾಲ್ಲೂಕುಗಳ ಚರಿತ್ರೆಯನ್ನು ಇದುವರೆಗೆ ಪಾಳೆಯಗಾರರ, ಕಂದಾಯದ, ಬರಗಾಲದ ಚರಿತ್ರೆಯಾಗಿ ಹೆಚ್ಚಾಗಿ ಬರೆದಿದ್ದಾರೆ. ಮನೆಗಳಲ್ಲಿ ಉಳಿದಿರುವ ಲಗ್ನಪತ್ರಿಕೆಗಳು, ಮಠಗಳ ಭಕ್ತರ ಪಟ್ಟಿಗಳು, ತಾಲ್ಲೂಕು ಕಚೇರಿಗಳಲ್ಲಿನ ವಾಸದ ದಾಖಲೆಗಳು, ಹಳೆಯ ದಾವೆಗಳ ತೀರ್ಪುಗಳು ಇವುಗಳನ್ನು ಕೂಡಿಸಿ ಓದಿದರೆ, ಹೆಣ್ಣುಮಕ್ಕಳು ಗಡಿಗಳನ್ನು ದಾಟಿದ ಚರಿತ್ರೆಯೂ ಬರೆಯಲು ಸಾಧ್ಯವಾಗುತ್ತದೆ. ಐದು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಮನೆಯ ಹಿರಿಯರಿಂದಲೇ ಈ ಕೆಲಸವನ್ನು ಪ್ರಾರಂಭಿಸಬಹುದು. ಅಜ್ಜಿಯ ತವರು ಯಾವ ಸಂಸ್ಥಾನದಲ್ಲಿತ್ತೆಂಬ ಒಂದು ಪ್ರಶ್ನೆಯೇ ಅದಕ್ಕೆ ಸಾಕಾದ ಆರಂಭ.